ಕ್ಯಾರವಾನ್ ಸ್ಲೈಡ್ ಸಿಕ್ಕಿಹಾಕಿಕೊಂಡಿದೆಯಾ? ಸ್ಪ್ಯಾನರ್ ಹಿಡಿಯುವ ಮೊದಲು ಇಷ್ಟು ನೋಡಿ

ಒಂದು ಬೇಸಿಗೆ ರಜೆಯಲ್ಲಿ ಸೂಳೆಕೆರೆ ದಂಡೆಯಲ್ಲಿ ನಮ್ಮ ಗಾಡಿ ನಿಲ್ಲಿಸಿದ್ದೆವು. ಸಂಜೆ ಸ್ಲೈಡ್, ಅಂದರೆ ಗಾಡಿಯ ಪಕ್ಕದಿಂದ ಹೊರಗೆ ಸರಿಯುವ ರೂಮು, ತೆರೆಯಲು ಬಟನ್ ಒತ್ತಿದೆ. ರೂಮು ಒಂದಡಿ ಹೊರಗೆ ಬಂದು ನಿಂತುಬಿಟ್ಟಿತು. ಹಿಂದಿನ ಮೂಲೆ ಮುಂದಿನ ಮೂಲೆಗಿಂತ ಒಳಗೆ ಉಳಿದಿತ್ತು. ಹತ್ತಿರದ ಊರಿಂದ ಒಬ್ಬ ಮೆಕ್ಯಾನಿಕ್ ಬಂದ. "ಅಣ್ಣಾ, ಈ ಕಡೆ ಲೂಸ್ ಆಗಿದೆ. ಟೈಟ್ ಮಾಡ್ಬಿಡ್ಲಾ?" ಅಂದ. ಮಾಡಪ್ಪ ಅಂದೆ. ನಟ್ ಮೂರು ಸುತ್ತು ತಿರುಗಿಸಿದ. ರೂಮು ಒಳಗೆ ಹೋಯಿತು, ಆದರೆ ಮೇಲಿನ ರಬ್ಬರ್ ಸೀಲನ್ನು ಹರಿದುಕೊಂಡೇ ಹೋಯಿತು.

ದಾವಣಗೆರೆಗೆ ಬಂದು ನಿಧಾನವಾಗಿ ಒಂದೊಂದೇ ನೋಡಿದೆ. ಯಾವ ನಟ್ಟೂ ಲೂಸ್ ಆಗಿರಲಿಲ್ಲ. ಮೋಟಾರಿನ ಅರ್ತ್ ವೈರಿನ ಲಗ್, ಅಂದರೆ ವೈರಿನ ತುದಿಯ ಲೋಹದ ಬಳೆ, ಹಸಿರು ಕಿಲುಬು ಹಿಡಿದಿತ್ತು. ಅದಕ್ಕೇ ಮೋಟಾರಿಗೆ ಶಕ್ತಿ ಸಾಲದೆ ರೂಮು ನಿಂತಿತ್ತು. ದಂಡೆಯ ಇಳಿಜಾರಿನಲ್ಲಿ ಒಂದು ಹಿಂದಿನ ಚಕ್ರ ತಗ್ಗಿನಲ್ಲಿತ್ತು. ಅದಕ್ಕೇ ಮೂಲೆ ಹಿಂದೆ ಬಿದ್ದಿತ್ತು. ಒಂದು ಮರಳು ಕಾಗದದ ತುಂಡು, ಎರಡು ಹಲಗೆ. ಅವತ್ತು ಬೇಕಿದ್ದದ್ದು ಇಷ್ಟೇ.

ಅಲ್ಲಿಂದ ಈಚೆಗೆ ನಾನು ಒಂದು ಕ್ರಮ ಬಿಟ್ಟು ಹೋಗಲ್ಲ. ಮೊದಲು ಕರೆಂಟು. ಆಮೇಲೆ ಗಾಡಿಯ ಮಟ್ಟ. ಆಮೇಲೆ ಕಸ, ದೂಳು. ಸ್ಪ್ಯಾನರ್ ಕೊನೆಗೆ.

ನಿಮ್ಮದು ಯಾವ ತರದ ಸ್ಲೈಡ್?

ಇದು ಗೊತ್ತಿಲ್ಲದೆ ಮುಂದಿನದು ಓದಿ ಪ್ರಯೋಜನ ಇಲ್ಲ. ಗಾಡಿಯ ಕೆಳಗೆ ಬಗ್ಗಿ ನೋಡಿ. ಹಲ್ಲು ಕೊರೆದ ಎರಡು ಉದ್ದದ ಕಬ್ಬಿಣದ ಪಟ್ಟಿ, ಎರಡನ್ನೂ ಸೇರಿಸುವ ಒಂದು ಅಡ್ಡ ಶಾಫ್ಟ್, ಒಂದು ಮೋಟಾರ್ ಕಂಡರೆ ಅದು ರ‍್ಯಾಕ್ ಪಿನಿಯನ್. ಕೆಳಗೆ ಏನೂ ಕಾಣದೆ, ಸ್ಲೈಡಿನ ಎರಡು ಪಕ್ಕದ ಗೋಡೆಗೆ ಮೇಲೊಂದು ಕೆಳಗೊಂದು ಹಲ್ಲಿನ ಅಲ್ಯೂಮಿನಿಯಂ ಪಟ್ಟಿ ಇದ್ದರೆ ಅದು ಗೋಡೆ ಸ್ಲೈಡ್. ಇದರಲ್ಲಿ ಪಕ್ಕಕ್ಕೊಂದರಂತೆ ಎರಡು ಸಣ್ಣ ಮೋಟಾರ್ ಇರುತ್ತವೆ. ಎರಡೂ ಒಂದೇ ವೇಗದಲ್ಲಿ ಓಡುವ ಹಾಗೆ ಒಂದು ಕಂಟ್ರೋಲರ್ ನೋಡಿಕೊಳ್ಳುತ್ತದೆ. ಮೂರನೆಯದು ಕೇಬಲ್ ಸ್ಲೈಡ್. ನಾಲ್ಕು ಮೂಲೆಗೂ ಉಕ್ಕಿನ ಕೇಬಲ್ ಹೋಗಿರುತ್ತದೆ.

ಎಣ್ಣೆ ಪಂಪು, ಪೈಪು ಕಂಡರೆ ನಿಮ್ಮದು ಹೈಡ್ರಾಲಿಕ್. ಅದರ ದಾರಿಯೇ ಬೇರೆ. ಈ ಬರಹ ಅದಕ್ಕಲ್ಲ.

ಇನ್ನೊಂದು ಮಾತು. ಲಾರಿ, ಬಸ್ಸಿನ ಚಾಸಿ ಮೇಲೆ ಕಟ್ಟಿದ ಗಾಡಿಗಳಲ್ಲಿ ಎಂಜಿನ್ ಕಡೆ ಹೆಚ್ಚಾಗಿ 24 ವೋಲ್ಟ್ ಇರುತ್ತದೆ. ಸ್ಲೈಡ್ ಮೋಟಾರ್ ಸಾಮಾನ್ಯವಾಗಿ 12 ವೋಲ್ಟಿನದು, ಗಾಡಿಯೊಳಗಿನ ಮನೆ ಭಾಗಕ್ಕೆ ಕರೆಂಟು ಕೊಡುವ ಬೇರೆ ಬ್ಯಾಟರಿಯಿಂದ (ಮನೆ ಬ್ಯಾಟರಿ) ಓಡುತ್ತದೆ. ಅರ್ಜೆಂಟಿನಲ್ಲಿ ಎಂಜಿನ್ ಬ್ಯಾಟರಿಯಿಂದ ಸುಮ್ನೆ ವೈರ್ ಎಳೆದು ಕೊಟ್ಟರೆ ಮೋಟಾರ್, ಕಂಟ್ರೋಲರ್ ಎರಡೂ ಸುಟ್ಟುಹೋಗುತ್ತವೆ.

ಕೈ ಹಾಕುವ ಮುಂಚೆ

ಮಂಚ, ಫ್ರಿಜ್ಜು, ಸೋಫಾ ಸೇರಿ ಸ್ಲೈಡ್ ರೂಮು ನೂರಾರು ಕಿಲೋ ತೂಗುತ್ತದೆ. ಅದು ಚಲಿಸುವಾಗ ಸಂದಿಯಲ್ಲಿ ಬೆರಳು ಸಿಕ್ಕಿದರೆ ಮೋಟಾರಿಗೆ ಗೊತ್ತಾಗಲ್ಲ. ಬಟನ್ ಹತ್ತಿರ ಒಬ್ಬರು, ಹೊರಗೆ ಒಬ್ಬರು ಇರಲೇಬೇಕು. ಹೊರಗಿದ್ದವರು "ನಿಲ್ಸಿ" ಅಂದ ಕೂಡಲೇ ಒಳಗಿದ್ದವರು ಬೆರಳು ತೆಗೆಯಬೇಕು. ಮಕ್ಕಳು ಹತ್ತಿರ ಇರಬಾರದು.

ಹಲ್ಲು, ಶಾಫ್ಟ್, ಕೇಬಲ್ ಯಾವುದನ್ನು ಮುಟ್ಟುವ ಮೊದಲೂ ಬ್ಯಾಟರಿಯ ಮೈನಸ್ ತೆಗೆಯಿರಿ. ಕೈಯಲ್ಲಿ ಉಂಗುರ, ಕಡಗ ಇದ್ದರೆ ಅದನ್ನೂ ತೆಗೆದಿಡಿ. ಬರೀ ಜಾಕಿ ಕೊಟ್ಟ ಗಾಡಿಯ ಕೆಳಗೆ ನುಗ್ಗಬೇಡಿ. ಬ್ಯಾಟರಿ ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. 300-400 ರೂಪಾಯಿಯ ಒಂದು ಮಲ್ಟಿಮೀಟರ್, ಗಾರೆಯವರು ಇಟ್ಟುಕೊಳ್ಳುವ ರಸಮಟ್ಟ, ಅಳತೆ ಟೇಪು, ಬಣ್ಣದ ಮಾರ್ಕರ್, ಟಾರ್ಚು, ಹಳೇ ಹಲ್ಲುಜ್ಜುವ ಬ್ರಷ್ಷು, ಬಟ್ಟೆ.

ಬಟನ್ ಒತ್ತಿದರೆ ಸದ್ದೇ ಇಲ್ಲ

ಮೊದಲು ಹ್ಯಾಂಡ್ ಬ್ರೇಕ್ ನೋಡಿ. ತುಂಬಾ ಗಾಡಿಗಳಲ್ಲಿ ಹ್ಯಾಂಡ್ ಬ್ರೇಕ್ ಹಾಕದಿದ್ದರೆ, ಅಥವಾ ಇಗ್ನಿಶನ್ ಕೀ ಸರಿಯಾದ ಜಾಗದಲ್ಲಿ ಇಲ್ಲದಿದ್ದರೆ, ಸ್ಲೈಡಿಗೆ ಕರೆಂಟೇ ಹೋಗಲ್ಲ. ಅದು ದೋಷ ಅಲ್ಲ, ಕಾವಲು. ಆಮೇಲೆ ಮನೆ ಬ್ಯಾಟರಿಯ ಮೈನ್ ಸ್ವಿಚ್ ಆನ್ ಇದೆಯಾ ನೋಡಿ.

ನಂತರ ಫ್ಯೂಸ್ ಅಥವಾ ಬ್ರೇಕರ್. ಸಾಮಾನ್ಯವಾಗಿ 30 ಆಂಪಿಯರಿನದು ಇರುತ್ತದೆ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನ ಹೊಸದು ಒಂದು ಸಲ ಹಾಕಿ ನೋಡಿ. ಎರಡನೇ ಸಲವೂ ಸುಟ್ಟರೆ ಅಲ್ಲಿಗೆ ನಿಲ್ಲಿಸಿ. ಎಲ್ಲೋ ವೈರ್ ಉಜ್ಜಿ ಶಾರ್ಟ್ ಆಗಿದೆ, ಇಲ್ಲವೇ ಮೋಟಾರ್ ಬಿಗಿದು ನಿಂತಿದೆ ಅಂತ ಅರ್ಥ. ದೊಡ್ಡ ಫ್ಯೂಸ್ ಹಾಕುವುದು, ಫ್ಯೂಸ್ ಜಾಗಕ್ಕೆ ತಂತಿ ಸುತ್ತುವುದು ಯಾವ ಕಾರಣಕ್ಕೂ ಬೇಡ. ಕ್ಯಾರವಾನ್ ಗೋಡೆಯೊಳಗೆ ಇರುವುದು ಪ್ಲೈವುಡ್ಡು, ಫೋಮು. ವೈರ್ ಕಾದರೆ ಬೆಂಕಿ ಹತ್ತಲು ನಿಮಿಷ ಸಾಕು.

ಫ್ಯೂಸ್ ಚೆನ್ನಾಗಿದ್ದರೆ ಇಲಿಯ ಕೆಲಸ ಇರಬಹುದು. ಭತ್ತದ ಗದ್ದೆ ಪಕ್ಕ, ಅಡಿಕೆ ತೋಟದಲ್ಲಿ, ಗೋಡೌನ್ ಹತ್ತಿರ ಎರಡು ತಿಂಗಳು ನಿಂತ ಗಾಡಿಯಲ್ಲಿ ಇದನ್ನು ಮೊದಲೇ ಅನುಮಾನಿಸಬೇಕು. ಮೋಟಾರ್ ಕಡೆಗೆ ಹೋಗುವ ವೈರನ್ನು ಟಾರ್ಚ್ ಬಿಟ್ಟು ಉದ್ದಕ್ಕೂ ನೋಡಿ.

ಟಕ್ ಅನ್ನುತ್ತದೆ, ರೂಮು ಅಲ್ಲಾಡಲ್ಲ

ಟಕ್ ಅನ್ನುವುದು ರಿಲೇ, ಅಂದರೆ ಬಟನ್ ಒತ್ತಿದಾಗ ಮೋಟಾರಿಗೆ ಕರೆಂಟು ಬಿಡುವ ಸ್ವಿಚ್. ಬಟನ್ ಸರಿ ಇದೆ ಅಂತ ಅದು ಹೇಳುತ್ತಿದೆ. ಮೋಟಾರಿಗೆ ಶಕ್ತಿ ತಲುಪುತ್ತಿಲ್ಲ. ಮುಂದಿನ ಭಾಗದಲ್ಲಿ ಹೇಳುವ ವೋಲ್ಟ್ ಪರೀಕ್ಷೆಯನ್ನೇ ಇಲ್ಲೂ ಮಾಡಿ. ಒಂದೇ ದಿಕ್ಕಿಗೆ ಓಡುತ್ತದೆ, ಇನ್ನೊಂದಕ್ಕೆ ಬರೀ ಟಕ್ ಅನ್ನುತ್ತದೆ ಅಂದರೆ ಒಂದು ರಿಲೇ ಅಥವಾ ಸ್ವಿಚ್ಚಿನ ಒಂದು ಕಡೆಯ ಕಾಂಟ್ಯಾಕ್ಟ್ ಹೋಗಿದೆ. ಪ್ಲಸ್ ಮೈನಸ್ ಅದಲು ಬದಲಾದಾಗಲೇ ಈ ಮೋಟಾರ್ ಉಲ್ಟಾ ತಿರುಗುವುದು. ಆ ಬದಲಾವಣೆ ಮಾಡುವುದು ಸ್ವಿಚ್ ಅಥವಾ ರಿಲೇ. ಹಾಗಾಗಿ ಮೋಟಾರ್ ಬಿಚ್ಚುವ ಅಗತ್ಯ ಇಲ್ಲ.

ತುಂಬಾ ನಿಧಾನ, ಅರ್ಧಕ್ಕೇ ನಿಲ್ಲುತ್ತದೆ

ಎಲ್ಲರಿಗೂ ಬರುವ ತೊಂದರೆ ಇದೇ. ಸುಮ್ಮಸುಮ್ಮನೆ ನಟ್ ಬಿಗಿಯುವುದೂ ಇದಕ್ಕೇ.

ಗಾಡಿ ಒಂದೆರಡು ಗಂಟೆ ಸುಮ್ಮನೆ ನಿಂತ ಮೇಲೆ ಬ್ಯಾಟರಿ ಅಳೆಯಿರಿ. ಲೆಡ್ ಆಸಿಡ್ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ. 12.2 ಇದ್ದರೆ ಅರ್ಧ. 12ಕ್ಕಿಂತ ಕಡಿಮೆ ಇದ್ದರೆ ಹೆಚ್ಚುಕಡಿಮೆ ಖಾಲಿ. ಅದರಿಂದ ಸ್ಲೈಡ್ ಓಡಿಸಬೇಡಿ. ಲಿಥಿಯಂ ಬ್ಯಾಟರಿಗೆ ಈ ಲೆಕ್ಕ ನಡೆಯಲ್ಲ. ಅದು ಮುಕ್ಕಾಲು ಖಾಲಿಯಾದರೂ 13 ವೋಲ್ಟ್ ಹತ್ತಿರವೇ ತೋರಿಸಬಹುದು. ಚಿತ್ರದುರ್ಗ, ಚಳ್ಳಕೆರೆ ಕಡೆಯ ಬೇಸಿಗೆಯಲ್ಲಿ ಲೆಡ್ ಬ್ಯಾಟರಿಯ ನೀರು ಬೇಗ ಇಂಗುತ್ತದೆ. ಮುಚ್ಚಳ ತೆಗೆಯುವಂಥದ್ದಾದರೆ ತಿಂಗಳಿಗೊಮ್ಮೆ ನೋಡಿ, ಡಿಸ್ಟಿಲ್ಡ್ ವಾಟರ್ ಹಾಕಿ. ಬೋರ್‌ವೆಲ್ ನೀರು ಹಾಕಬೇಡಿ.

ಬ್ಯಾಟರಿ ಚೆನ್ನಾಗಿದ್ದರೆ ಮುಂದಿನ ಹಂತ. ಒಬ್ಬರು ಬಟನ್ ಒತ್ತಿ ಹಿಡಿಯಲಿ. ಸ್ಲೈಡ್ ಓಡುತ್ತಿರುವಾಗಲೇ ಬ್ಯಾಟರಿ ಟರ್ಮಿನಲ್ ಮೇಲೆ ಒಂದು ಸಲ, ಮೋಟಾರ್ ಟರ್ಮಿನಲ್ ಮೇಲೆ ಒಂದು ಸಲ ಅಳೆಯಿರಿ. ಮೋಟಾರ್ ಟರ್ಮಿನಲ್ ಗೇರಿನ ಪಕ್ಕದಲ್ಲೇ ಇದ್ದರೆ ಮೀಟರಿನ ಕ್ಲಿಪ್ಪನ್ನು ಮೊದಲೇ ಸಿಕ್ಕಿಸಿ, ಕೈ ದೂರ ಇಟ್ಟು ನೋಡಿ. ಎರಡರ ನಡುವೆ 1 ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ದಾರಿಯಲ್ಲಿ ವೋಲ್ಟ್ ಕಳೆದುಹೋಗುತ್ತಿದೆ ಅಂತಲೇ ತಿಳಿಯಿರಿ. ಆಮೇಲೆ ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಮೋಟಾರಿನ ಮೈನಸ್ಸಿಗೆ ಇಡಿ. ಓಡುವಾಗ ಅರ್ಧ ವೋಲ್ಟ್ ದಾಟಿದರೆ ಅರ್ತ್ ಕೆಟ್ಟಿದೆ. ಲಗ್ ಬಿಚ್ಚಿ, ಮರಳು ಕಾಗದದಲ್ಲಿ ಚಾಸಿಯ ಬಣ್ಣ ಹೋಗಿ ಕಬ್ಬಿಣ ಹೊಳೆಯುವ ತನಕ ಉಜ್ಜಿ, ಮತ್ತೆ ಬಿಗಿಯಿರಿ. ನಮ್ಮ ಗಾಡಿಯಲ್ಲಿ ಇದ್ದದ್ದು ಇದೇ.

ಇಲ್ಲಿ ಸ್ಥಳೀಯವಾಗಿ ಬಾಡಿ ಕಟ್ಟಿಸಿದ ಗಾಡಿಗಳಲ್ಲಿ ಇನ್ನೊಂದು ಸಮಸ್ಯೆ ಇರುತ್ತದೆ: ಸಣ್ಣ ವೈರು. ಬ್ಯಾಟರಿಯಿಂದ ಮೋಟಾರ್ 8 ಮೀಟರ್ ದೂರ ಇದೆ ಅಂತ ಇಟ್ಟುಕೊಳ್ಳಿ. ಮೋಟಾರ್ 30 ಆಂಪಿಯರ್ ಎಳೆಯುತ್ತದೆ. ಮನೆ ವೈರಿಂಗಿಗೆ ಹಾಕುವ 2.5 ಸ್ಕ್ವೇರ್ ಎಂಎಂ ವೈರ್ ಎಳೆದಿದ್ದರೆ ಹೋಗಿ ಬರುವ ದಾರಿಯಲ್ಲೇ ಸುಮಾರು ಮೂರೂವರೆ ವೋಲ್ಟ್ ಕಳೆದುಹೋಗುತ್ತದೆ. ಮೋಟಾರಿಗೆ ಸಿಗುವುದು 9 ವೋಲ್ಟ್. ಅದೇ 16 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ಹಾಕಿದರೆ ಕಳೆದುಹೋಗುವುದು ಬರೀ ಅರ್ಧ ವೋಲ್ಟ್. ಸ್ಲೈಡ್ ಹೊಸದರಲ್ಲೇ ನಿಧಾನ ಇತ್ತು ಅಂತ ನಿಮಗೆ ನೆನಪಿದ್ದರೆ ವೈರಿನ ದಪ್ಪ ನೋಡಿ. ಎಷ್ಟು ನಟ್ ಬಿಗಿದರೂ ಅದು ವೇಗ ಆಗಲ್ಲ.

ಮೋಟಾರಿಗೆ ಪೂರ್ತಿ ವೋಲ್ಟ್ ಸಿಕ್ಕೂ ನಿಧಾನ ಇದ್ದರೆ ಮಾತ್ರ ಯಂತ್ರದ ಕಡೆ ಹೋಗಿ. ಬ್ರೇಕರ್ ಬಿದ್ದರೆ ಹತ್ತು ಹದಿನೈದು ನಿಮಿಷ ತಣ್ಣಗಾಗಲು ಬಿಡಿ. ಒತ್ತಿ ಒತ್ತಿ ಓಡಿಸಿದರೆ ಮೋಟಾರಿನ ಕಾಯಿಲ್ ಸುಡುತ್ತದೆ.

ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ

ರೂಮು ಸೊಟ್ಟ ಬರುತ್ತಿದ್ದರೆ ಬಟನ್ ಬಿಡಿ. ಹೋಗುತ್ತಿದ್ದ ದಿಕ್ಕಿಗೇ ಮತ್ತೆ ಒತ್ತಬೇಡಿ. ಒಂದು ಬೆರಳಗಲ ವಾಪಸ್ ಓಡಿಸಿ, ನಿಲ್ಲಿಸಿ.

ಈಗ ಗಾಡಿಯ ನೆಲದ ಮೇಲೆ ರಸಮಟ್ಟ ಇಡಿ, ಉದ್ದಕ್ಕೂ ಅಡ್ಡಕ್ಕೂ. ರಸಮಟ್ಟ ಇಲ್ಲದಿದ್ದರೆ ಗಾಡಿಯ ದೊಡ್ಡ ಬಾಗಿಲು ತೆಗೆದು ಹಾಕಿ ನೋಡಿ. ದಿನಾ ಸಲೀಸಾಗಿ ಹಾಕುವ ಬಾಗಿಲು ಇವತ್ತು ಚೌಕಟ್ಟಿಗೆ ಉಜ್ಜುತ್ತಿದ್ದರೆ ಚಾಸಿ ತಿರುಚಿಕೊಂಡು ನಿಂತಿದೆ. ಬಾಗಿಲಿನ ಹಾಗೆ ಸ್ಲೈಡಿನ ಚೌಕಟ್ಟೂ ಸೊಟ್ಟ ಆಗಿರುತ್ತದೆ. ಕೆರೆ ಏರಿ, ಹೊಲದ ಬದು, ಬೆಟ್ಟದ ಕೆಳಗಿನ ಕಲ್ಲು ನೆಲ, ಎಲ್ಲ ಕಡೆ ಇದು ಆಗುತ್ತದೆ. ತಗ್ಗಿನ ಚಕ್ರದ ಕೆಳಗೆ ಹಲಗೆ ಇಟ್ಟು ಗಾಡಿ ಹತ್ತಿಸಿ, ಮಟ್ಟ ಮಾಡಿ, ಮತ್ತೆ ಓಡಿಸಿ. ಜಾಕಿ ಕಾಲು ಮೊದಲೋ ಸ್ಲೈಡ್ ಮೊದಲೋ ಅನ್ನುವುದು ಗಾಡಿಯಿಂದ ಗಾಡಿಗೆ ಬೇರೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಹೇಗಿದೆಯೋ ಹಾಗೇ ಮಾಡಿ.

ಮಟ್ಟ ಇದ್ದೂ ಸೊಟ್ಟ ಬಂದರೆ ಸ್ಲೈಡಿನ ತರ ನೋಡಿ ಮುಂದುವರಿಯಬೇಕು.

ರ‍್ಯಾಕ್ ಪಿನಿಯನ್ನಿನಲ್ಲಿ ಒಂದು ಕಡೆ ಚಲಿಸಿ ಇನ್ನೊಂದು ಕಡೆ ಸುಮ್ಮನೆ ನಿಂತಿದ್ದರೆ ಅಡ್ಡ ಶಾಫ್ಟಿನ ಜಾಯಿಂಟಿನಲ್ಲಿರುವ ಪಿನ್ ಅಥವಾ ಬೋಲ್ಟ್ ಕತ್ತರಿಸಿಹೋಗಿದೆ. ಗೇರಿನ ಹಲ್ಲು ಉಳಿಯಲಿ ಅಂತಲೇ ಆ ಪಿನ್ ಮೆತ್ತಗಿನದು ಹಾಕಿರುತ್ತಾರೆ. ಲೇತಿನವರ ಹತ್ತಿರ ಗಟ್ಟಿ ಉಕ್ಕಿನ ಪಿನ್ ಮಾಡಿಸಿ ಹಾಕಬೇಡಿ. ಮುಂದಿನ ಸಲ ಪಿನ್ ಬದಲು ಗೇರ್ ಬಾಕ್ಸೇ ಮುರಿಯುತ್ತದೆ. ಅದೇ ಅಳತೆಯ, ಅದೇ ದರ್ಜೆಯ ಪಿನ್ ಹಾಕಿ. ಅದು ಯಾಕೆ ಮುರಿಯಿತು ಅಂತಲೂ ಹುಡುಕಿ.

ಎರಡೂ ಕಡೆ ಚಲಿಸುತ್ತವೆ, ಆದರೆ ಕೊನೆಯಲ್ಲಿ ಒಂದು ಮೂಲೆ ಪೂರ್ತಿ ಕೂರಲ್ಲ ಅಂದರೆ ಆಗ ಬಿಗಿಯುವ ಮಾತು. ಮೊದಲು ಅಳೆಯಿರಿ. ರೂಮು ಹೊರಗಿದ್ದಾಗ ನಾಲ್ಕು ಮೂಲೆಯಲ್ಲೂ, ಒಳಗಿದ್ದಾಗ ನಾಲ್ಕು ಮೂಲೆಯಲ್ಲೂ ಗೋಡೆಗೂ ಸ್ಲೈಡಿನ ಅಂಚಿಗೂ ಇರುವ ಸಂದು ಬರೆದಿಟ್ಟುಕೊಳ್ಳಿ. ಮುಂದಿನ ಮೂಲೆಗೂ ಹಿಂದಿನ ಮೂಲೆಗೂ ಕಾಲಿಂಚಿಗಿಂತ ಕಡಿಮೆ ವ್ಯತ್ಯಾಸ ಇದ್ದು ಸೀಲ್ ಒತ್ತಿ ಕೂತಿದ್ದರೆ ನಾನು ಮುಟ್ಟಲ್ಲ. ಜಾಸ್ತಿ ಇದ್ದರೆ ನಟ್ ಈಗ ಎಲ್ಲಿದೆ ಅಂತ ನಟ್ಟಿಗೂ ಬೋಲ್ಟಿಗೂ ಸೇರಿಸಿ ಮಾರ್ಕರಿನಲ್ಲಿ ಗೆರೆ ಎಳೆಯಿರಿ, ಫೋಟೋ ತೆಗೆಯಿರಿ. ಲಾಕ್ ನಟ್ ಸಡಿಲ ಮಾಡಿ. ಹೊಂದಿಸುವ ನಟ್ ಕಾಲು ಸುತ್ತು ತಿರುಗಿಸಿ. ಬರೀ ಕಾಲು ಸುತ್ತು. ರೂಮನ್ನು ಪೂರ್ತಿ ಹೊರಗೆ, ಪೂರ್ತಿ ಒಳಗೆ ಓಡಿಸಿ, ಮತ್ತೆ ಅಳೆಯಿರಿ. ಸರಿಯಾದ ಮೇಲೆ ಲಾಕ್ ನಟ್ ಬಿಗಿಯುವುದನ್ನು ಮರೆಯಬೇಡಿ. ಇಲ್ಲವಾದರೆ ರಸ್ತೆಯ ಕುಲುಕಾಟಕ್ಕೆ ಎಲ್ಲ ಮತ್ತೆ ಸಡಿಲ. ನಾಲ್ಕು ಸಲ ಕಾಲು ಸುತ್ತು ತಿರುಗಿಸಿಯೂ ಅಳತೆ ಬದಲಾಗದಿದ್ದರೆ ಗೆರೆ ನೋಡಿಕೊಂಡು ಮೊದಲಿದ್ದ ಜಾಗಕ್ಕೇ ತಂದು ನಿಲ್ಲಿಸಿ. ತೊಂದರೆ ಬೇರೆ ಕಡೆ ಇದೆ: ಬಾಗಿದ ರ‍್ಯಾಕ್, ಸವೆದ ರೋಲರ್, ಬಿಟ್ಟುಕೊಂಡ ವೆಲ್ಡಿಂಗ್. ಇವು ಮನೆಯಲ್ಲಿ ಮಾಡುವ ಕೆಲಸ ಅಲ್ಲ.

ಕೇಬಲ್ ಸ್ಲೈಡಿನಲ್ಲಿ ಒಂದು ಮೂಲೆ ಹಿಂದೆ ಬಿದ್ದರೆ ಆ ಮೂಲೆಯ ಕೇಬಲ್ ಜೋತುಬಿದ್ದಿರುತ್ತದೆ. ಹೊರಗೆ ಎಳೆಯುವ ಕೇಬಲ್ ಬೇರೆ, ಒಳಗೆ ಎಳೆಯುವ ಕೇಬಲ್ ಬೇರೆ. ಒಂದನ್ನು ಬಿಗಿದರೆ ಅದರ ಎದುರಿನದನ್ನು ಅಷ್ಟೇ ಸಡಿಲ ಮಾಡಬೇಕು. ಬಿಗಿಯುವಾಗ ಕೇಬಲಿನ ತುದಿಯನ್ನು ಇನ್ನೊಂದು ಸ್ಪ್ಯಾನರಿನಲ್ಲಿ ಹಿಡಿದುಕೊಳ್ಳಿ. ಕೇಬಲ್ ಹುರಿಯಾಗಬಾರದು. ವೀಣೆ ತಂತಿಯ ಹಾಗೆ ಬಿಗಿಯುವುದೂ ಬೇಡ, ಬೆರಳಲ್ಲಿ ಒತ್ತಿದರೆ ಸ್ವಲ್ಪ ಬಳುಕಬೇಕು. ಒಂದು ಎಳೆ ಕಿತ್ತು ಹೊರಗೆ ಬಂದಿದ್ದರೂ ಆ ಕೇಬಲ್ ಬದಲಿಸಬೇಕು. ಕಿತ್ತ ಕೇಬಲನ್ನು ಬಿಗಿದರೆ ಚಾಟಿಯ ಹಾಗೆ ಹೊಡೆಯುತ್ತದೆ. ಅಲ್ಲಿ ನಿಲ್ಲಿಸಿ.

ಗೋಡೆ ಸ್ಲೈಡಿಗೆ ಇಂಥ ಬಿಗಿಯುವ ಕೆಲಸವೇ ಇಲ್ಲ. ಎರಡು ಮೋಟಾರಿನ ಹೆಜ್ಜೆ ತಪ್ಪಿರುತ್ತದೆ, ಅಷ್ಟೇ. ರೂಮನ್ನು ಪೂರ್ತಿ ಹೊರಗೆ ಓಡಿಸಿ, ಎರಡೂ ಮೋಟಾರ್ ತಾನಾಗಿ ನಿಲ್ಲುವ ತನಕ ಬಟನ್ ಒತ್ತಿಯೇ ಇರಿ, ನಿಂತ ಮೇಲೂ ಒಂದೆರಡು ಸೆಕೆಂಡು ಹಿಡಿಯಿರಿ. ಸ್ವಲ್ಪ ಒಳಗೆ, ಮತ್ತೆ ಪೂರ್ತಿ ಹೊರಗೆ. ಎರಡು ಮೂರು ಸಲ ಹೀಗೆ ಮಾಡಿದರೆ ಹೆಜ್ಜೆ ಕೂಡುತ್ತದೆ. ಅರ್ಧ ಅರ್ಧಕ್ಕೆ ಬಟನ್ ಬಿಡುವ ಅಭ್ಯಾಸ ಇದ್ದವರ ಗಾಡಿಯಲ್ಲಿ ಇದು ಪದೇಪದೇ ಆಗುತ್ತದೆ.

ಮೋಟಾರ್ ತಿರುಗುವ ಸದ್ದು ಇದೆ, ರೂಮು ಬರಲ್ಲ

ರ‍್ಯಾಕ್ ಪಿನಿಯನ್ನಿನಲ್ಲಿ ಮೇಲೆ ಹೇಳಿದ ಪಿನ್ ಮೋಟಾರ್ ಹತ್ತಿರವೇ ಮುರಿದಿರುತ್ತದೆ. ಇಲ್ಲವೇ ರೂಮು ಜಾರದಂತೆ ಹಿಡಿಯುವ ಮೋಟಾರಿನ ಬ್ರೇಕ್ ಲಿವರನ್ನು ಯಾರೋ ಬಿಡಿಸಿ ಹಾಗೇ ಬಿಟ್ಟಿದ್ದಾರೆ. ಗೋಡೆ ಸ್ಲೈಡಿನಲ್ಲಿ ಮೋಟಾರನ್ನು ಜಾಗದಲ್ಲಿ ಹಿಡಿದಿಡುವ ಒಂದು ಸಣ್ಣ ಸ್ಕ್ರೂ ಇರುತ್ತದೆ. ಅದು ಬಿದ್ದುಹೋದರೆ ಮೋಟಾರ್ ಮೇಲಕ್ಕೆ ಎದ್ದು ಸುಮ್ಮನೆ ತಿರುಗುತ್ತದೆ. ಮೋಟಾರನ್ನು ಕೆಳಗೆ ಒತ್ತಿ ಕೂರಿಸಿ ಸ್ಕ್ರೂ ಹಾಕಿದರೆ ಮುಗಿಯಿತು.

ಕರಕರ ಸದ್ದು, ಉಜ್ಜಿದ ಹಾಗೆ

ನಮ್ಮ ಕಡೆ ಇದಕ್ಕೆ ಕಾರಣ ದೂಳು. ಜೋಗಿಮಟ್ಟಿ ಗುಡ್ಡದ ಮೇಲೆ ಗಾಳಿಯಂತ್ರ ತಿರುಗುವ ಗಾಳಿಯೇ ಕೆಂಪು ದೂಳನ್ನೂ ಹೊತ್ತು ತರುತ್ತದೆ. ಹೊಳಲ್ಕೆರೆ ಕಡೆ ಅದಿರು ಲಾರಿ ಓಡುವ ರಸ್ತೆಯಲ್ಲಿ ಹೋಗಿ ಬಂದರೆ ಹಲ್ಲಿನ ನಡುವೆಲ್ಲ ಕಪ್ಪು ಕೆಂಪು ಪುಡಿ. ದಾವಣಗೆರೆ ಸುತ್ತ ಸುಗ್ಗಿ ಹೊತ್ತಿನಲ್ಲಿ ರಸ್ತೆ ಮೇಲೆ ಮೆಕ್ಕೆಜೋಳ ಒಣಗಿಸಿರುತ್ತಾರೆ. ಅದರ ಹೊಟ್ಟು ಹಾರಿ ಸ್ಲೈಡಿನ ತಲೆ ಮೇಲೆ, ಸೀಲಿನ ಸಂದಿಯಲ್ಲಿ ಕೂರುತ್ತದೆ. ಬಳ್ಳಾರಿ ಜಾಲಿ ಮರದ ಕೆಳಗೆ ನಿಲ್ಲಿಸಿದ್ದರೆ ಮುಳ್ಳಿನ ಕಡ್ಡಿಯೂ ಇರುತ್ತದೆ. ಒಂದು ಮುಳ್ಳು ಸಾಕು ಸೀಲ್ ತೂತಾಗಲು. ಅದಕ್ಕೇ ಒಳಗೆ ಎಳೆಯುವ ಮೊದಲು ಏಣಿ ಹಾಕಿ ಸ್ಲೈಡಿನ ತಲೆಯನ್ನು ಗುಡಿಸಲೇಬೇಕು.

ಹಲ್ಲಿಗೆ ಗ್ರೀಸ್ ತುಂಬುವುದು ನಮ್ಮ ಗ್ಯಾರೇಜುಗಳ ರೂಢಿ. ಪ್ರೀತಿಯಿಂದಲೇ ಹಚ್ಚುತ್ತಾರೆ. ಆದರೆ ಗ್ರೀಸಿಗೆ ಈ ದೂಳು ಸೇರಿದರೆ ಅದು ಉಜ್ಜುವ ಪೇಸ್ಟ್ ಆಗುತ್ತದೆ, ಹಲ್ಲನ್ನು ತಿನ್ನುತ್ತದೆ. ಹಳೇ ಗ್ರೀಸ್ ಇದ್ದರೆ ಬಟ್ಟೆಗೆ ಬ್ರೇಕ್ ಕ್ಲೀನರ್ ಹಾಕಿಕೊಂಡು ಒರೆಸಿ, ರಬ್ಬರಿಗೆ ತಾಗದಂತೆ. ಆಮೇಲೆ ಒಣ ಬ್ರಷ್ಷಿನಲ್ಲಿ ಹಲ್ಲಿನ ಸಂದಿ ತಿಕ್ಕಿ. ಕೊನೆಗೆ ಒಣ ಸಿಲಿಕಾನ್ ಅಥವಾ ಟೆಫ್ಲಾನ್ ಸ್ಪ್ರೇ ತೆಳ್ಳಗೆ ಹೊಡೆಯಿರಿ. ಅದು ಒಣಗಿ ಪದರ ಆಗುತ್ತದೆ, ದೂಳು ಅಂಟಲ್ಲ. ತುಕ್ಕು ಬಿಡಿಸುವ ಸ್ಪ್ರೇ ಈ ಕೆಲಸಕ್ಕೆ ಆಗಲ್ಲ.

ಸ್ವಚ್ಛ ಮಾಡಿದ ಮೇಲೂ ಕಟಕಟ ಅಂತ ಲೆಕ್ಕ ಹಾಕಿದ ಹಾಗೆ ಸದ್ದು ಬಂದರೆ ಹಲ್ಲು ಮುರಿದಿದೆ ಅಥವಾ ಜಾರುತ್ತಿದೆ. ಮತ್ತೆ ಓಡಿಸಬೇಡಿ.

ಮುಚ್ಚಿದ ಮೇಲೂ ಸಂದು, ಮಳೆ ಬಂದರೆ ಒಳಗೆ ನೀರು

ಸೀಲ್ ಮಡಚಿಕೊಂಡಿದೆಯಾ ಅಂತ ಸುತ್ತ ಬೆರಳಾಡಿಸಿ ನೋಡಿ. ಮಡಚಿದ್ದರೆ ರೂಮನ್ನು ಸ್ವಲ್ಪ ಹೊರಗೆ ಬಿಟ್ಟು, ನಿಲ್ಲಿಸಿ, ಕೈಯಿಂದ ಸರಿಮಾಡಿ. ರಬ್ಬರ್ ಒಣಗಿ ಅಂಟುತ್ತಿದ್ದರೆ ಟಾಲ್ಕಂ ಪೌಡರ್ ಅಥವಾ ಸಿಲಿಕಾನ್ ಸಾಕು. ಕೊಬ್ಬರಿ ಎಣ್ಣೆ, ಗ್ರೀಸ್, ಪೆಟ್ರೋಲ್ ಬೇಡ. ಬಿಸಿಲಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟ ಸ್ಲೈಡಿನ ಸೀಲ್ ಗೋಡೆಗೆ ಅಂಟಿಕೊಳ್ಳುತ್ತದೆ. ತಿಂಗಳಿಗೊಮ್ಮೆಯಾದರೂ ತೆರೆದು ಮುಚ್ಚಿ. ನೀರು ಸೋರುತ್ತದೆ ಅಂತ ನಟ್ ಬಿಗಿದು ರೂಮನ್ನು ಇನ್ನಷ್ಟು ಒತ್ತಬೇಡಿ. ಹರಿದ ಸೀಲ್ ಒತ್ತಿದರೂ ಸೋರುತ್ತದೆ. ನೆಲ ಕಾಲಿಗೆ ಮೆತ್ತಗೆ ಸಿಕ್ಕರೆ ಪ್ಲೈವುಡ್ ಕೊಳೆತಿದೆ. ಅದು ಬಾಡಿ ಕಟ್ಟುವವರ ಕೆಲಸ.

ದಾರಿಯಲ್ಲಿ ಕೈಕೊಟ್ಟರೆ ಒಳಗೆ ತಳ್ಳುವುದು

ರ‍್ಯಾಕ್ ಪಿನಿಯನ್ನಿನಲ್ಲಿ ಬ್ಯಾಟರಿ ಮೈನಸ್ ತೆಗೆದು, ಮೋಟಾರಿನ ಬ್ರೇಕ್ ಲಿವರ್ ಬಿಡಿಸಿ, ಹ್ಯಾಂಡಲ್ ಹಾಕಿ ತಿರುಗಿಸಬೇಕು. ಒಳಗೆ ಹೋದ ಮೇಲೆ ಬ್ರೇಕ್ ಲಿವರ್ ಮತ್ತೆ ಹಾಕಲೇಬೇಕು. ಗೋಡೆ ಸ್ಲೈಡಿನಲ್ಲಿ ಎರಡೂ ಮೋಟಾರಿನ ವೈರ್ ಪ್ಲಗ್ ಕಿತ್ತು, ನಾಲ್ಕು ಜನ ಎರಡೂ ತುದಿಯಲ್ಲಿ ಒಂದೇ ಸಮ ತಳ್ಳಬೇಕು. ನಡುವೆ ತಳ್ಳಬೇಡಿ. ರೂಮು ಕೂತ ಮೇಲೆ ಪ್ಲಗ್ ವಾಪಸ್ ಹಾಕಿ, ಆಗಲೇ ಮೋಟಾರ್ ಬ್ರೇಕಿನ ಹಾಗೆ ಹಿಡಿಯುವುದು.

ಓಡುವಾಗ ಸ್ಲೈಡ್ ಬೆರಳಗಲ ಹೊರಗೆ ಜಾರುತ್ತಿದೆ ಅನಿಸಿದರೆ ಅದನ್ನು ಸಣ್ಣದು ಅಂದುಕೊಳ್ಳಬೇಡಿ. ಮೋಟಾರಿನ ಬ್ರೇಕ್ ಸೋತಿದೆ. ಬಲಗಡೆಯ ಸ್ಲೈಡ್ ಆದರೆ ಹೆದ್ದಾರಿ 48ರಲ್ಲಿ ಓವರ್‌ಟೇಕ್ ಮಾಡುವ ಬಸ್ಸಿಗೆ ನೇರ ತಾಗುತ್ತದೆ. ಎಡಗಡೆಯದಾದರೆ ಬೈಕಿನವರಿಗೆ. ಗಾಡಿ ಪಕ್ಕಕ್ಕೆ ನಿಲ್ಲಿಸಿ, ರೂಮು ಒಳಗೆ ಎಳೆದು, ಲಾಕ್ ಕಂಬಿ ಹಾಕಿ. ಕಂಬಿ ಇಲ್ಲದಿದ್ದರೆ ಲಾರಿಯವರು ಲೋಡ್ ಕಟ್ಟುವ ಬೆಲ್ಟಿನಿಂದ ಒಳಗಿನಿಂದ ಗಟ್ಟಿ ಕೊಂಡಿಗೆ ಬಿಗಿಯಿರಿ. ನಿಧಾನವಾಗಿ ಓಡಿಸಿಕೊಂಡು ಹತ್ತಿರದ ಪೇಟೆ ಸೇರಿಕೊಳ್ಳಿ. ಪ್ರತಿ 10 ಕಿಲೋಮೀಟರಿಗೆ ನಿಲ್ಲಿಸಿ, ಇಳಿದು, ಸಂದಿಗೆ ಬೆರಳಿಟ್ಟು ನೋಡಿ. ಬೆರಳು ಮೊದಲಿಗಿಂತ ಆಳಕ್ಕೆ ಹೋದರೆ ಗಾಡಿಯನ್ನು ಮುಂದಕ್ಕೆ ಬಿಡಬೇಡಿ, ಅಲ್ಲಿಗೇ ಮೆಕ್ಯಾನಿಕ್ಕನ್ನು ಕರೆಸಿ.